ಸಂಡಿಗೆಯ ಕೆಳಗಿನ ಘೋಷಣೆ

ನಮ್ಮ ಟೆರೇಸಿನ ಮೇಲೆ ಈ ಹೊತ್ತು ಒಣಗುತ್ತಿರುವ ಸಾಬೂದಾಣಿ ಸಂಡಿಗೆಗಳ ಕೆಳಗೆ ‘ಯುದ್ಧ ಬೇಡ’ ಎಂದು ನಾಲ್ಕು ಭಾಷೆಗಳಲ್ಲಿ ಬರೆದಿದೆ. ಸುಳ್ಳಲ್ಲ. ಕೂಕಟ್‌ಪಲ್ಲಿಯ ಕಡೆ ಬಂದಾಗ ಮನೆಗೆ ಬನ್ನಿ, ತೋರಿಸುತ್ತೇನೆ. ಲಿಫ್ಟ್ ಕೆಟ್ಟು ಬಹಳ ದಿನವಾಯಿತು, ಮೆಟ್ಟಿಲು ಹತ್ತುವ ತಯಾರಿ ಮಾಡಿಕೊಂಡೇ ಬನ್ನಿ. ತೆಲುಗು ಅಕ್ಷರಗಳ ಮೇಲಿನ ಸಂಡಿಗೆ ಗಲಗಲ ಎನ್ನುವಂತೆ ಒಣಗಿವೆ. ಕನ್ನಡದ ಮೇಲಿನವು ನೀರಿನ ಟ್ಯಾಂಕಿನ ನೆರಳಿನಿಂದಾಗಿ ಇನ್ನೂ ಹಸಿ. ಇದಕ್ಕೆ ದಯವಿಟ್ಟು ಯಾವ ರಾಜಕೀಯ ಅರ್ಥವನ್ನೂ ಹಚ್ಚಬೇಡಿ.

ಈ ಬಟ್ಟೆ ಮೂಲತಃ ಡಬಲ್ ಕಾಟಿನ ಬಿಳಿ ಬೆಡ್‌ಶೀಟು. ಗೃಹಪ್ರವೇಶಕ್ಕೆ ಸೊಲ್ಲಾಪುರದ ನೆಂಟರು ಕೊಟ್ಟದ್ದು. ಬದುಕು ಬಾಳುವೆ ಮಾಡುವ ಮನೆಯಲ್ಲಿ ಬಿಳಿ ಬೆಡ್‌ಶೀಟು ಯಾರು ಹಾಸುತ್ತಾರೆ? ಕಪಾಟಿನಲ್ಲಿ ಮಡಿಕೆ ಬಿಚ್ಚದೆ ಕೂತಿತ್ತು. ಹೋದ ಬೇಸಿಗೆಯಲ್ಲಿ ಅದು ಬ್ಯಾನರ್ ಆಗಿ ಬಡ್ತಿ ಪಡೆಯಿತು, ಒಂದು ಭಾನುವಾರ ಬೀದಿಯಲ್ಲಿ ನಿಂತು ಬಂತು, ಆಮೇಲೆ ಯಾರೂ ಮನೆಗೆ ಒಯ್ಯಲಿಲ್ಲವಾದ್ದರಿಂದ ನನ್ನ ಚೀಲಕ್ಕೇ ಬಿತ್ತು. ಸಭೆ ಸಮಾರಂಭಗಳಲ್ಲಿ ದೊಡ್ಡ ಚೀಲ ತಂದವರ ಹಣೆಬರಹವೇ ಅಷ್ಟು. ಎರಡು ಸಲ ನೆನೆಸಿ ಒಗೆದೆ, ಬಣ್ಣ ಹೋಗಲಿಲ್ಲ. ಹಾಸಿಗೆಗೆ ಹಾಸಿದರೆ ನಮ್ಮ ಮನೆಯವರು ದಿಂಬು ಎತ್ತಿಕೊಂಡು ಎದ್ದು ನಿಂತರು. “ಘೋಷಣಾದ ಮ್ಯಾಲೆ ಮಲಕೊಂಡ್ರ ನಿದ್ದಿ ಹೆಂಗ ಬರತೈತಿ? ತಗದ ಬಿಡು” ಎಂದರು. ತೆಗೆದು ಸಂಡಿಗೆಗೆ ಇಟ್ಟುಕೊಂಡೆ.

ಸಂಡಿಗೆ ಯಾರಿಗೆಂದರೆ ವಿನಯನಿಗೆ. ವಿನಯ ನನ್ನ ತಂಗಿ ಶಾಂತಾಳ ಮಗ. ಶಾಂತಾ ಇರುವುದು ವಿಜಯಪುರದಲ್ಲಿ. ಹುಡುಗ ಕಾಲೇಜು ಓದಿದ್ದು ಮಾತ್ರ ಇಲ್ಲಿ, ನಮ್ಮ ಮನೆಯಲ್ಲಿದ್ದುಕೊಂಡು. ನಮಗೆ ಮಕ್ಕಳಿಲ್ಲ ಎಂಬುದನ್ನು ಆಗ ನಾವಿಬ್ಬರೂ ಮರೆತೇಬಿಟ್ಟಿದ್ದೆವು. ಆಮೇಲೆ ಅವನು ಸೈನ್ಯ ಸೇರಿದ. ಈಗ ಗಡಿಯಲ್ಲಿದ್ದಾನೆ. ಎಲ್ಲಿ ಎಂದು ಅವನು ಹೇಳುವುದಿಲ್ಲ, ನಾವು ಕೇಳುವುದಿಲ್ಲ. ಹವೆಯ ಬಗ್ಗೆ ಮಾತಾಡುತ್ತೇವೆ. ಥಂಡಿ ಭಾಳ ಅಂದರೆ ನಾನು ನಕಾಶೆಯ ಮೇಲ್ತುದಿ ನೋಡುತ್ತೇನೆ, ಧೂಳು ಭಾಳ ಅಂದರೆ ಎಡಗಡೆ.

ಈ ತಿಂಗಳು ರಜೆಗೆ ಬರುವವನಿದ್ದ. ನಾನು ಸಂಡಿಗೆಗೆಂದು ಸಾಬೂದಾಣಿ ತಂದ ದಿನವೇ ಟೀವಿಯವರು ಮತ್ತೆ ಅರಚಲು ಶುರು ಮಾಡಿದರು. ಸಂಜೆ ಅವನ ಫೋನು ಬಂತು. “ದೊಡ್ಡವ್ವ, ಸೂಟಿ ಕ್ಯಾನ್ಸಲ್ ಆಗೇತಿ. ನಂದೊಬ್ಬಂದ ಅಲ್ಲ, ಎಲ್ಲಾರದೂ. ಇನ್ನ ಸ್ವಲ್ಪ ದಿನ ಫೋನ್ ಬರಲಿಲ್ಲಂದ್ರ ಗಾಬರಿ ಆಗಬ್ಯಾಡ ನೀ.” ಗಾಬರಿಯಾಗಬೇಡ ಎಂದು ಹೇಳುವವರು ಅದನ್ನು ಹೇಗೆ ಸಾಧಿಸಬೇಕು ಎಂಬುದನ್ನೂ ಹೇಳಿಕೊಟ್ಟು ಫೋನ್ ಇಡಬೇಕು.

ನನ್ನದೋ ಮೊದಲೇ ಪುಕ್ಕಲು ಜೀವ. ಕುಕ್ಕರಿನ ಸೀಟಿ ತಡವಾದರೆ ಅಡುಗೆಮನೆ ಬಿಟ್ಟು ಹಾಲ್‌ಗೆ ಬಂದು ನಿಲ್ಲುವವಳು. ಫೋನು ಬಂದರೆ ಎದೆ ಹೊಡೆದುಕೊಳ್ಳುತ್ತದೆ, ಬಾರದಿದ್ದರೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತದೆ. ಬಚ್ಚಲಿಗೂ ಒಯ್ದು ಸೋಪಿನ ಡಬ್ಬಿಯ ಪಕ್ಕ ಇಟ್ಟುಕೊಳ್ಳುತ್ತೇನೆ. ಮೊನ್ನೆ ಅಲ್ಲಿಯೇ ಬಾರಿಸಿತು. ಒದ್ದೆ ಕೈಯಲ್ಲಿ ಎತ್ತಿದರೆ, ಯಾವುದೋ ಬ್ಯಾಂಕಿನ ಹುಡುಗಿ, ಲೋನ್ ಬೇಕೇ ಎಂದು ಕೇಳಿದಳು. ಬೇಡ ತಾಯಿ ಎಂದವಳೇ ಅತ್ತುಬಿಟ್ಟೆ. ಅವಳು ಗಾಬರಿಬಿದ್ದು ಸಾರಿ ಮೇಡಂ, ಸಾರಿ ಮೇಡಂ ಎಂದು ಇಟ್ಟುಬಿಟ್ಟಳು.

ಇಂಥ ನಾನು ಒಂದು ಕಾಲಕ್ಕೆ ಯುದ್ಧವೆಂದರೆ ಕುಣಿಯುತ್ತಿದ್ದೆ ಎಂದರೆ ನಂಬುತ್ತೀರಾ? ನಾನಾಗ ಇನ್ನೂ ಎರಡನೇ ಇಯತ್ತೆ. ಅಪ್ಪನಿಗೆ ಸಿಕಂದರಾಬಾದಿನಲ್ಲಿ ರೈಲ್ವೆ ನೌಕರಿ, ನಾವು ಕ್ವಾರ್ಟರ್ಸಿನಲ್ಲಿದ್ದೆವು. ಯುದ್ಧ ಶುರುವಾಗಿದೆ, ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಬೇಕು ಎಂದು ಹೇಳಿಕಳಿಸಿದರು. ಅವ್ವ ಒಂದು ಪಾತೆಲಿ ತುಂಬ ಮೈದಾಹಿಟ್ಟಿನ ಅಂಟು ಕುದಿಸಿದಳು. ಅಂಟಿಸುವುದು ನನ್ನ ಕೆಲಸ. ಅಂಟಿಸಿದ್ದಕ್ಕಿಂತ ನೆಕ್ಕಿದ್ದೇ ಹೆಚ್ಚು. ಸಂಜೆಯಾದೊಡನೆ ಅಪ್ಪ ದೀಪಕ್ಕೆ ರಟ್ಟಿನ ಕುಲಾಯಿ ತೊಡಿಸುತ್ತಿದ್ದರು. ಆ ಬಟ್ಟಲಗಲದ ಬೆಳಕಿನಲ್ಲಿ ಎಲ್ಲರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಊಟಕ್ಕೆ ಕೂಡಬೇಕು. ಬದನೆಕಾಯಿ ಯಾವುದು, ಅದರೊಳಗಿನ ಮೆಣಸಿನಕಾಯಿ ಯಾವುದು ಕಾಣುತ್ತಿರಲಿಲ್ಲ. ಸೈರನ್ ಊದಿದರೆ ನಾನೂ ಶಾಂತಾನೂ ಮಂಚದ ಕೆಳಗೆ. ಶಾಂತಾ ಆಗ ಇನ್ನೂ ಅಂಬೆಗಾಲು ಬಿಟ್ಟಿದ್ದಳಷ್ಟೆ, ಅವಳ ಬಾಯಿಗೆ ನನ್ನ ಕೈ ಮುಚ್ಚಿ ಹಿಡಿಯುತ್ತಿದ್ದೆ, ವೈರಿಗೆ ಕೇಳಬಾರದೆಂದು. ಯುದ್ಧ ಮುಗಿಯಿತು, ಕಾಗದ ಕಿತ್ತುಹಾಕಿ ಎಂದಾಗ ನಾನು ಹಟ ಮಾಡಿ ಅತ್ತೆನಂತೆ. ಇನ್ನೊಂದಿಷ್ಟು ದಿನ ಇರಲಿ ಅಂದೆನಂತೆ. ಅವ್ವ ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಅವ್ವನಿಗೂ ಆ ದಿನಗಳಲ್ಲಿ ಕೈತುಂಬ ಕೆಲಸ. ಕ್ವಾರ್ಟರ್ಸಿನ ಹೆಂಗಸರೆಲ್ಲ ಸೇರಿ ಜವಾನರಿಗೆ ಸ್ವೆಟರ್ ಹೆಣೆಯುತ್ತಿದ್ದರು. ಸೈನ್ಯದ ರೈಲು ಬರುತ್ತದೆ ಎಂದು ಅಪ್ಪ ಹೇಳಿದ ದಿನ ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಪೊಟ್ಟಣ ಕಟ್ಟಿಕೊಂಡು ಸ್ಟೇಷನ್ನಿಗೆ ಹೋಗುತ್ತಿದ್ದಳು, ನಾನು ಅವಳ ಸೆರಗು ಹಿಡಿದು. ಒಮ್ಮೆ ಕಿಟಕಿಯಿಂದ ಪೊಟ್ಟಣ ತೆಗೆದುಕೊಂಡ ಒಬ್ಬ ಜವಾನ ಮೂಸಿ ನೋಡಿ, “ಎವ್ವಾ, ಇದು ನಮ್ಮ ಕಡೀ ಚಟ್ನಿ ಅಲ್ಲಬೇ?” ಎಂದು ಕೇಳಿದ.  ರೈಲು ಹೋದ ಮೇಲೂ ಅವ್ವ ಪ್ಲಾಟ್‌ಫಾರ್ಮಿನಲ್ಲಿ ಬಹಳ ಹೊತ್ತು ನಿಂತಿದ್ದಳು. ಅವನು ತಿರುಗಿ ಬಂದನೋ ಇಲ್ಲವೋ ಎಂದು ಸಾಯುವವರೆಗೂ ಆಗಾಗ ಕೇಳುತ್ತಿದ್ದಳು, ನಮಗೇನೋ ಗೊತ್ತಿದೆ ಎಂಬಂತೆ.

ಈಗ ಅನಿಸುತ್ತದೆ, ಯುದ್ಧ ನಡೆಸುವವರಿಗೆ ಎಲ್ಲರ ಕೈಗೂ ಕೆಲಸ ಕೊಡುವುದು ಗೊತ್ತು. ಹೆಣೆಯಿರಿ, ಕಟ್ಟಿ, ಅಂಟಿಸಿ, ದೀಪ ಮುಚ್ಚಿ. ಎರಡನೇ ಇಯತ್ತೆಯ ಹುಡುಗಿಗೂ ಒಂದು ಅಂಟಿನ ಪಾತೆಲಿ. ಯುದ್ಧ ಬೇಡ ಎನ್ನುವವರ ಹತ್ತಿರ ಕೊಡಲಿಕ್ಕೆ ಏನಿದೆ? ಒಂದು ಬಟ್ಟೆಯ ತುದಿ. ಅದನ್ನು ಹಿಡಿದುಕೊಂಡು ನಿಲ್ಲಬೇಕು, ಅಷ್ಟೆ. ಆ ಜವಾನನಿಗಾಗಿ ಜೀವವಿಡೀ ಕೊರಗಿದ ನಮ್ಮ ಅವ್ವನಿಗೆ ಯುದ್ಧದ ವಿರುದ್ಧ ನಿಲ್ಲು ಬಾ ಎಂದಿದ್ದರೆ, ಆ ಹುಡುಗನ ವಿರುದ್ಧವೇ ನಿಲ್ಲಿಸುತ್ತಿದ್ದಾರೆ ಎಂದು ತಿಳಿದು ಬಡಿಗೆ ತೆಗೆದುಕೊಳ್ಳುತ್ತಿದ್ದಳು.

ಹೋದ ಬೇಸಿಗೆಗೆ ಬರುತ್ತೇನೆ. ಆಗಲೂ ಹೀಗೆಯೇ ಗಡಿಯಲ್ಲಿ ಗದ್ದಲ, ಟೀವಿಯಲ್ಲಿ ಅದಕ್ಕಿಂತ ಗದ್ದಲ. ನಮ್ಮದೊಂದು ಬೆಳಗಿನ ವಾಕಿಂಗ್ ಗುಂಪು. ನಿವೃತ್ತ ಲೆಕ್ಚರರ್ ನಾಗಮಣಿಗಾರು ನಮಗೆಲ್ಲ ಹಿರಿಯರು. ಸಿಕಂದರಾಬಾದಿನ ತಮ್ಮ ಗಡಿಯಾರದ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಮನೆಯಲ್ಲಿರುವ ಖಲೀಲ್ ಸಾಹೇಬರು ಇನ್ನೊಬ್ಬರು. ಉಳಿದವರು ಅಕ್ಕಪಕ್ಕದ ಫ್ಲ್ಯಾಟಿನವರು. ಟೀವಿಯ ಆ್ಯಂಕರ್ ಒಬ್ಬ ನಗುನಗುತ್ತ ಯುದ್ಧಕ್ಕೆ ಇನ್ನೆಷ್ಟು ಗಂಟೆ ಎಂದು ಕೇಳಿದ್ದನ್ನು ನೋಡಿ ನಾಗಮಣಿಗಾರು ಸಿಟ್ಟಾಗಿ, ನಾವು ಒಮ್ಮೆಯಾದರೂ ಬೀದಿಯಲ್ಲಿ ನಿಲ್ಲಬೇಕು ಎಂದರು. ನಾವು ಹೂಂ ಎಂದೆವು. ಹಿಂದೆ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದು ಈಗ ಮಣಿಕೊಂಡದಲ್ಲಿರುವ ಮೈಸೂರಿನ ಸಾಫ್ಟ್‌ವೇರ್ ಹುಡುಗ ಪ್ರದೀಪನನ್ನೂ ಕರೆದೆವು, ಬ್ಯಾನರ್ ಬರೆಯಲು ಅವನ ಕೈ ಚೆನ್ನಾಗಿದೆ ಎಂದು.

ಬ್ಯಾನರ್ ನಮ್ಮ ಮನೆಯ ಹಾಲ್‌ನಲ್ಲೇ ತಯಾರಾಯಿತು. ಮೊದಲ ಸಾಲು ಸುಲಭ. ತೆಲುಗು, ಹಿಂದಿ, ಇಂಗ್ಲಿಷ್, ನನ್ನ ಹಟಕ್ಕೆ ಕನ್ನಡ. ತೊಂದರೆ ಬಂದದ್ದು ಆಮೇಲೆ.

“ಆಂಟಿ, ಬರೀ ಯುದ್ಧ ಬೇಡ ಅಂತ ಬರೆದ್ರೆ ನಮ್ಮನ್ನ ದೇಶದ್ರೋಹಿಗಳು ಅಂದ್ಕೊಂಡ್ಬಿಡ್ತಾರೆ. ಕೆಳಗೆ ನಮ್ಮ ಯೋಧರಿಗೆ ನಮನ ಅಂತ ಸೇರಿಸೋಣ” ಎಂದ ಪ್ರದೀಪ.

ನನ್ನ ಕಣ್ಣ ಮುಂದೆ ವಿನಯ ಬಂದ. ಸೇರಿಸು ಎಂದೆ. ಹಾಗಿದ್ದರೆ ಭಯೋತ್ಪಾದನೆಗೆ ಧಿಕ್ಕಾರ ಎಂದೂ ಇರಲಿ, ಇಲ್ಲದಿದ್ದರೆ ತಪ್ಪು ತಿಳಿಯುತ್ತಾರೆ ಎಂದರು ಪಕ್ಕದ ಫ್ಲ್ಯಾಟಿನವರು. ನಾವು ಯಾವ ಪಕ್ಷಕ್ಕೂ ಸೇರಿದವರಲ್ಲ ಎಂದು ಒಬ್ಬರು, ಇದು ಸರ್ಕಾರದ ವಿರುದ್ಧ ಅಲ್ಲ ಎಂದು ಇನ್ನೊಬ್ಬರು. ಎಲ್ಲವೂ ನಾಲ್ಕೂ ಭಾಷೆಗಳಲ್ಲಿ. ಒಂದು ಸಾಲಿನ ಬೇಡಿಕೆಗೆ ಅದರ ಕೆಳಗೆ ಅಂಗಳದ ತುಂಬ ಕ್ಷಮಾಪಣೆ. ತಂದಿಟ್ಟಿದ್ದ ಬಟ್ಟೆ ಸಾಲದೆ ಹೋಗಿ ನಾನು ಕಪಾಟಿನಿಂದ ಆ ಡಬಲ್ ಬೆಡ್‌ಶೀಟು ತೆಗೆದದ್ದು ಆಗಲೇ. ಎತ್ತಿ ಹಿಡಿದರೆ ನೆಲದಿಂದ ಗೇಣೆತ್ತರ ಬಿಟ್ಟು ನಮ್ಮ ನೆತ್ತಿಯವರೆಗೂ ಬರುತ್ತಿತ್ತು.

ಅನುಮತಿ ಕೇಳಲು ಪೊಲೀಸ್ ಠಾಣೆಗೆ ಹೋದೆವು. ಒಳ್ಳೆಯ ಇನ್‌ಸ್ಪೆಕ್ಟರು. ಕುರ್ಚಿ ಕೊಟ್ಟು, ಎಲ್ಲಿ ನಿಲ್ಲುತ್ತೀರಮ್ಮಾ ಎಂದು ತೆಲುಗಿನಲ್ಲಿ ಕೇಳಿದರು. ನಾವು ಬರುವಾಗ ದಾರಿಯುದ್ದಕ್ಕೂ ಯೋಚಿಸಿ ಇಟ್ಟುಕೊಂಡಿದ್ದ ಉತ್ತರವನ್ನು ನಾಗಮಣಿಗಾರು ಹೇಳಿದರು: “ಎವರಿಕೀ ಇಬ್ಬಂದಿ ಲೇಕುಂಡಾ ಎಕ್ಕಡೈನಾ ಪರವಾಲೇದು ಸಾರ್.” ಯಾರಿಗೂ ತೊಂದರೆಯಾಗದ ಹಾಗೆ ಎಲ್ಲಿಯಾದರೂ ಸರಿ. ಅವರ ಮುಖ ಅರಳಿತು. ಅಂಥ ಅರ್ಜಿದಾರರು ಅವರಿಗೆ ಸರ್ವಿಸ್ಸಿನಲ್ಲೇ ಸಿಕ್ಕಿರಲಿಕ್ಕಿಲ್ಲ. ಪಾರ್ಕಿನ ಹಿಂದಿನ ಕಾಂಪೌಂಡ್ ಗೋಡೆಯ ಬದಿ, ಭಾನುವಾರ ಬೆಳಿಗ್ಗೆ, ಬಿಸಿಲು ಏರುವ ಮೊದಲು ಎಂದು ಬರೆದುಕೊಟ್ಟರು. ಭಾನುವಾರವೆಂದರೆ ನಮಗೂ ಅನುಕೂಲ, ಯಾರ ರಜೆಯೂ ಹಾಳಾಗುವುದಿಲ್ಲ. ನಾವೆಲ್ಲ ರಜೆ ಉಳಿಸಿ ಉಳಿಸಿ ನಿವೃತ್ತರಾದ ಜಾತಿಯವರು. ಅಷ್ಟು ಸಲೀಸಾಗಿ ಅನುಮತಿ ಸಿಕ್ಕ ಖುಷಿಗೆ ಹೊರಬಂದು ಇಡ್ಲಿ ತಿಂದೆವು. ಯಾರಿಗೂ ತೊಂದರೆ ಕೊಡದ ಚಳವಳಿಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ ಎಂಬುದು ಇಡ್ಲಿಯ ಜೊತೆ ಹೊಳೆಯಲಿಲ್ಲ.

ಆ ಭಾನುವಾರ ಹೋಗಿ ನಿಂತೆವು. ಎದುರಿಗೆ ಒಂದು ಮುಚ್ಚಿದ ಟೈಲರ್ ಅಂಗಡಿ, ಎರಡು ನಾಯಿ. ಬಹಳ ಹೊತ್ತಿನ ಮೇಲೆ ಒಂದು ಆಟೋ ನಿಂತಿತು. ಬಟ್ಟೆ ಗಾಳಿಗೆ ಮಡಿಚಿಕೊಂಡದ್ದರಿಂದ ಡ್ರೈವರಿಗೆ ಓದಲು ಆಗಲಿಲ್ಲ.

“ಕ್ಯಾ ಅಮ್ಮಾ, ಪಾನೀ ನೈ ಆರಾ ಕ್ಯಾ?” ಎಂದ. ನೀರು ಬರುತ್ತಿಲ್ಲವೇ ಎಂದು ಅವನ ಕನಿಕರ.

“ಪಾನೀ ನೈ ಭಾಯಿ, ಜಂಗ್ ನಕ್ಕೋ ಬೋಲ್ ಕೆ ಖಡೇ ಹೈಂ” ಎಂದು ಬಟ್ಟೆಯ ಹಿಂದಿನಿಂದ ಖಲೀಲ್ ಸಾಹೇಬರ ದನಿ ಬಂತು. ಯುದ್ಧ ಬೇಡ ಎಂದು ನಿಂತಿದ್ದೇವೆ ಎಂದು.

“ಜಂಗ್ ಹೋನಾ ಬೋಲ್ ಕೆ ಹಮ್ನಾ ಕೌನ್ ಪೂಛೇ?” ಎಂದ ಅವನು. ಯುದ್ಧ ಬೇಕೇ ಎಂದು ನಮ್ಮನ್ನು ಕೇಳಿದವರು ಯಾರು? ಅಷ್ಟಂದು ಗೇರ್ ಹಾಕಿಕೊಂಡು ಹೋದ. ನಮ್ಮ ಇಡೀ ಚಳವಳಿಯಲ್ಲಿ ನಮಗೆ ಸಿಕ್ಕ ಜನಸಂಪರ್ಕ ಅದೊಂದೇ.

ನೀರು ಎಂದಾಗ ನೆನಪಾಯಿತು. ನಾನು ಹುಟ್ಟಾ ಹೇಡಿಯೇನಲ್ಲ. ವಿನಯ ನಮ್ಮ ಮನೆಯಲ್ಲಿದ್ದ ಕಾಲದಲ್ಲಿ ಒಂದು ಬೇಸಿಗೆ ನಮ್ಮ ಗಲ್ಲಿಗೆ ವಾರಗಟ್ಟಲೆ ನೀರು ಬರಲಿಲ್ಲ. ನಾವು ಹೆಂಗಸರು ಯಾರ ಅನುಮತಿಯನ್ನೂ ಕೇಳದೆ ಖಾಲಿ ಕೊಡ, ಬಕೆಟ್ಟು ಹಿಡಿದು ಆಫೀಸಿನ ಹೊತ್ತಿಗೆ ಸರಿಯಾಗಿ ದೊಡ್ಡ ರಸ್ತೆಯಲ್ಲಿ ಕೂತೆವು. ಬಸ್ಸುಗಳು ಸಾಲಾಗಿ ನಿಂತವು. ಜನ ಬೈದರು. ಕಾರ್ಪೊರೇಟರು ಅರ್ಧ ಗಡ್ಡ ಹೆರೆದುಕೊಂಡ ಮುಖದಲ್ಲೇ ಓಡಿ ಬಂದರು. ಸಂಜೆಗೆ ನೀರು ಬಂತು! ಮರುದಿನ ತೆಲುಗು ಪತ್ರಿಕೆಯಲ್ಲಿ ಎಲ್ಲರಿಗಿಂತ ಮುಂದೆ, ಕೊಡ ಎತ್ತಿ, ಬಾಯಿ ಬಾವಿಯಂತೆ ತೆರೆದು ಕೂಗುತ್ತಿರುವ ನನ್ನ ಫೋಟೋ. ವಿನಯ ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ. “ಎಲ್ಲಾರೂ ನೋಡ್ರಿ, ನಮ್ಮ ದೊಡ್ಡವ್ವ” ಎಂದು ಗೆಳೆಯರಿಗೆಲ್ಲ ತೋರಿಸಿದ. ಆ ಹಳದಿ ತುಣುಕು ಇನ್ನೂ ಫ್ರಿಜ್ಜಿನ ಮೇಲಿದೆ.

ಆಗ ನಮಗೆ ವಾಲ್ವ್ ತಿರುಗಿಸುವವನು ಯಾರು ಎಂದು ಗೊತ್ತಿತ್ತು. ಅವನಿಗೆ ಹೇಳುವವನು ಯಾರು, ಹೇಳುವವನಿಗೆ ಯಾರ ವೋಟು ಬೇಕು, ಎಲ್ಲವೂ ಗೊತ್ತಿತ್ತು. ಯುದ್ಧದ ವಾಲ್ವ್ ಎಲ್ಲಿದೆ? ಪಾರ್ಕಿನ ಹಿಂದಂತೂ ಇಲ್ಲ. ನೀರು ನಿಂತರೆ ಎಲ್ಲರ ಮನೆಯ ನಲ್ಲಿಯೂ ಒಣಗುತ್ತದೆ. ಯುದ್ಧ ಬರುವುದು ಕೆಲವರ ಮನೆಗೆ ಮಾತ್ರ. ಆ ಮನೆಯವರಿಗೆ ಬಾಯಿ ತೆರೆಯಲು ಹೆದರಿಕೆ, ಮಗ ಅಲ್ಲಿದ್ದಾನೆ. ಬಾಯಿ ತೆರೆಯಬಲ್ಲವರ ಮನೆಗೆ ಅದು ಟೀವಿಯಲ್ಲಿ ಬರುತ್ತದೆ, ನಡುವೆ ಜಾಹೀರಾತಿನ ಜೊತೆ.

ನಮ್ಮ ಮನೆಯವರ ವಿಷಯ ಹೇಳದಿದ್ದರೆ ನನ್ನ ಧರ್ಮಸಂಕಟ ನಿಮಗೆ ಪೂರ್ತಿ ತಿಳಿಯುವುದಿಲ್ಲ. ಅವರು ದುಡಿದದ್ದು ರಕ್ಷಣೆಗೆ ಸಂಬಂಧಿಸಿದ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ. ಅಲ್ಲಿ ಏನು ಮಾಡುತ್ತಿದ್ದರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ಸಾಮಾನಿನ ಒಂದು ಭಾಗ ಎಂದಷ್ಟೇ ಹೇಳುತ್ತಾರೆ. ಆ ಭಾಗದಿಂದಲೇ ಈ ಫ್ಲ್ಯಾಟು, ಈ ಫ್ರಿಜ್ಜು, ಅದರ ಮೇಲಿನ ಫೋಟೋ ಸಹ. ಬ್ಯಾನರ್ ಬರೆಯುವ ದಿನ ಅವರು ಸುಮ್ಮನೆ ಎಲ್ಲರಿಗೂ ಚಹಾ ಮಾಡಿಕೊಟ್ಟರು. ಎಲ್ಲರೂ ಹೋದ ಮೇಲೆ ನಾನೇ ಕೆಣಕಿದೆ.

“ನಿಮಗ ಏನೂ ಅನಸೂದಿಲ್ಲೇನ್ರಿ?”

“ನಾವ ಮಾಡೂದು ಉಪಯೋಗಕ್ಕ ಬರಬಾರದು ಅಂತನ ಮಾಡೂದು” ಎಂದರು. “ಅದು ಇದ್ರ ಸಾಕು. ಇಟ್ಟಿರಬೇಕಷ್ಟ.”

ಷೋಕೇಸಿನಲ್ಲಿ ನಮ್ಮ ಮದುವೆಯಲ್ಲಿ ಬಂದ ಗಾಜಿನ ಬಟ್ಟಲುಗಳ ಸೆಟ್ಟಿದೆ. ಅದೂ ಹಾಗೆಯೇ, ಇದ್ದರೆ ಸಾಕು. ಆದರೆ ಯಾರೋ ದೊಡ್ಡ ಅತಿಥಿ ಬಂದರೆ ಒಂದು ದಿನ ತೆಗೆಯಬೇಕಾಗುತ್ತದಲ್ಲ ಎಂಬ ಅಳುಕು ನನಗೆ ಅದನ್ನು ಒರೆಸುವಾಗಲೆಲ್ಲ ಬರುತ್ತದೆ. ಇದನ್ನು ಅವರಿಗೆ ಹೇಳಿದೆ. ಅವರು ಚಹಾದ ಕಪ್ಪುಗಳನ್ನು ತೊಳೆಯಲು ಎದ್ದು ಹೋದರು.

ಇನ್ನು ನಮ್ಮ ಬ್ಯಾನರಿನ ಫೋಟೋದ ಕಥೆ. ಭಾನುವಾರ ಒಬ್ಬ ಫೋಟೋಗ್ರಾಫರ್ ಬಂದ, ಪ್ರದೀಪನ ಪರಿಚಯದವನು. ಅವನು ಕ್ಯಾಮೆರಾ ಎತ್ತಿದ್ದೇ ತಡ, ನಮ್ಮ ಬ್ಯಾನರೂ ಮೆಲ್ಲಗೆ ಮೇಲೆ ಏರಿತು. ಇಳಿಸಿ, ಮುಖ ಕಾಣುತ್ತಿಲ್ಲ ಎಂದ. ಇನ್ನೂ ಒಂದು ಗೇಣು ಏರಿತು. ನಾನು ಬಟ್ಟೆಯ ಹಿಂದೆ ಎಡಕ್ಕೆ ಬಲಕ್ಕೆ ನೋಡಿದೆ. ಪ್ರದೀಪ ತಲೆ ತಗ್ಗಿಸಿದ್ದ, ಅವನ ಆಫೀಸಿನವರು ನೋಡಿದರೆ ಎಂದು. ನಾಗಮಣಿಗಾರು ಮುಖಕ್ಕೆ ಸರಿಯಾಗಿ ಬಟ್ಟೆ ಹಿಡಿದಿದ್ದರು, ಮಗಳ ವೀಸಾ ಅರ್ಜಿ ಹೋಗಿತ್ತು. ಖಲೀಲ್ ಸಾಹೇಬರು ನನ್ನ ಪಕ್ಕದಲ್ಲೇ ಇದ್ದರು. ಮೆಲ್ಲಗೆ, “ಬೆಹನ್‌ಜೀ, ನಿಮ್ಮ ಮುಖ ಕಂಡ್ರೆ ಶಾಂತಿ ಅಂತಾರೆ. ನನ್ನ ಮುಖ ಕಂಡ್ರೆ ಮಾತೇ ಬದಲಾಗಿಬಿಡ್ತದೆ” ಎಂದರು. ಅಂಗಡಿಯಲ್ಲಿ ಕನ್ನಡದ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ಕಲಿತ ಕನ್ನಡ ಅವರದು.  ನಾನೂ ಮುಖ ಮುಚ್ಚಿಕೊಂಡೇ ಇದ್ದೆ. ಹಿಂದಿನ ದಿನ ಶಾಂತಾ ಫೋನ್ ಮಾಡಿ, “ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ನಿಲ್ಲಾಕ ಹೋಗಬ್ಯಾಡ. ನಿನ್ನ ಫೋಟೋ ಯಾರರ ನೋಡಿ, ವಿನಯನ ಸಾಹೇಬ್ರಿಗೆ ಮುಟ್ಟಿಸಿದ್ರ ಏನ್ ಮಾಡೂದು?” ಎಂದು ಅತ್ತಿದ್ದಳು. ಅವಳಿಗೆ ನಾನು ನಿಲ್ಲುವುದಿಲ್ಲ ಎಂದೂ ಹೇಳಿರಲಿಲ್ಲ, ನಿಲ್ಲುತ್ತೇನೆ ಎಂದೂ ಹೇಳಿರಲಿಲ್ಲ.

ಕೊನೆಗೆ ಫೋಟೋ ಬಂತು. ಒಂದು ದೊಡ್ಡ ಬಿಳಿ ಬಟ್ಟೆ, ತುಂಬ ಅಕ್ಷರ, ಕೆಳಗೆ ಎಂಟು ಜೊತೆ ಕಾಲು. ಪತ್ರಿಕೆಯವರು ಹಾಕಲಿಲ್ಲ. ವಾಟ್ಸಾಪಿನಲ್ಲಿ ಮಾತ್ರ ಅಲ್ಲಿ ಇಲ್ಲಿ ಸುತ್ತಿ, ಯಾರ ಕೈಯಿಂದಲೋ ನಮ್ಮ ಕುಟುಂಬದ ಗ್ರೂಪಿಗೂ ಬಂದು ಬಿತ್ತು. ಹಿಂದೆಯೇ ಶಾಂತಾಳ ಫೋನು.

“ಮಾರಿ ಮುಚ್ಚಕೊಂಡ್ರ ಆತೇನ ಅಕ್ಕಾ? ಕಾಲು? ಕೆಂಪ ಗೊಂಡ್ಯಾದ ಕೊಲ್ಹಾಪುರಿ ಚಪ್ಪಲಿ ನಿನಗ ಕೊಡಿಸಿದಾಕಿ ನಾನ ಅಲ್ಲೇನು? ಗುರ್ತ ಹಿಡಿಯೂದಿಲ್ಲ ಅಂತ ಮಾಡಿಯೇನ?” ಎಂದು ಸಿಡಿದಳು. ಆಮೇಲೆ ಎಷ್ಟೋ ದಿನ ಮಾತು ಬಿಟ್ಟಳು. ಅವಳಿಗೆ ನಾನೇನು ಹೇಳಲಿ? ಅವಳು ಬಾಯಿ ಮುಚ್ಚಿಕೊಂಡಿದ್ದೂ ವಿನಯನಿಗಾಗಿ, ನಾನು ಹೋಗಿ ನಿಂತಿದ್ದೂ ಅವನಿಗಾಗಿ.

ವಿನಯನೂ ಆ ಗ್ರೂಪಿನಲ್ಲಿದ್ದಾನೆ. ಕೆಲವು ದಿನಗಳ ನಂತರ ಅವನ ಫೋನು ಬಂತು. ಬೈದರೆ ಬೈಯಲಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡೆ. ಅವನು ಬೈಯಲಿಲ್ಲ. ಧೂಳು ಭಾಳ ಐತಿ ಅಂದ. ಊಟ ಆಯ್ತೇ ಅಂದ. ಆಮೇಲೆ, “ದೊಡ್ಡವ್ವ, ಫೋಟೋ ನೋಡಿದ್ನಿ” ಅಂದ.

“ಹೂಂ ಅಪ್ಪಾ.”

“ಆ ಫೋಟೋದಾಗ ಇದ್ದಾರಲ್ಲ, ಅಷ್ಟ ಮಂದೀನ? ಹಿಂದ ಮತ್ಯಾರರ ಇದ್ರೇನು?”

“ಇಲ್ಲಪ್ಪ. ಅಷ್ಟ ಮಂದಿ.”

“ಅಷ್ಟಽ?” ಎಂದ. ಆಮೇಲೆ ನಕ್ಕು, ಹವೆಯ ಮಾತು ತೆಗೆದ.

ಆ ನಗುವಿಗಿಂತ ಮುಂಚಿನ ‘ಅಷ್ಟಽ’ ನನ್ನ ಕಿವಿಯಿಂದ ಹೋಗಿಲ್ಲ. ನಾನು ಅವನಿಗೆ ತೊಂದರೆಯಾದೀತು ಎಂದು ಮುಖ ಮುಚ್ಚಿಕೊಂಡಿದ್ದೆ. ಅವನು ಅಲ್ಲಿ ಧೂಳಿನಲ್ಲಿ ಕೂತು, ಫೋನಿನ ಪರದೆಯ ಮೇಲೆ ಬೆರಳಿನಿಂದ ಫೋಟೋ ದೊಡ್ಡದು ಮಾಡಿ, ಬಟ್ಟೆಯ ಹಿಂದೆ ಇನ್ನೂ ಜನ ಇದ್ದಾರೆಯೇ ಎಂದು ಹುಡುಕಿದ್ದ.

ಆಮೇಲೆ ಗಡಿ ತಣ್ಣಗಾಯಿತು. ನಮ್ಮಿಂದಲ್ಲ, ಅದನ್ನು ಹೇಳಬೇಕಾಗಿಲ್ಲ. ವಿನಯ ರಜೆಗೆ ಬಂದ, ಡಬ್ಬಿಗಟ್ಟಲೆ ಸಂಡಿಗೆ ಕರಿಸಿಕೊಂಡು ತಿಂದ, ಮಧ್ಯಾಹ್ನ ಸೋಫಾದ ಮೇಲೆ ಕಾಲು ಹೊರಚಾಚಿ ಮಲಗಿದ. ಶಾಂತಾನೂ ಬಂದಳು, ಮಾತು ಬಿಟ್ಟಿದ್ದನ್ನು ತಾನೇ ಮರೆತಳು. ಫೋಟೋದ ವಿಷಯ ಯಾರೂ ಎತ್ತಲಿಲ್ಲ. ಶಾಂತಿಗಾಗಿ ಎಂದು ನಾವು ಮಾಡಿಕೊಂಡಿದ್ದ ವಾಟ್ಸಾಪ್ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹೂವುಗಳು ಬರತೊಡಗಿದವು, ಮೊಣಕಾಲು ನೋವಿಗೆ ಮೆಂತ್ಯದ ಉಪಚಾರ ಬಂತು. ಅಡುಗೆ ಗ್ಯಾಸಿನಂತೆ ಯುದ್ಧವೂ ಮುಗಿದುಹೋದಾಗಲೇ ನೆನಪಾಗುವ ವಸ್ತುವಾಗಿದ್ದರೆ ಚೆನ್ನಾಗಿರುತ್ತಿತ್ತು. ಅದು ಶುರುವಾದಾಗ ನೆನಪಾಗುತ್ತದೆ. ಶುರುವಾದ ಮೇಲೆ ಬೇಡ ಎಂದರೆ ಅಳುವ ಹುಡುಗರಿಗೆ ಹೇಳುವಂತೆ, ಈಗ ಸುಮ್ಮನಿರು, ಆಮೇಲೆ ನೋಡೋಣ ಎನ್ನುತ್ತಾರೆ. ಆಮೇಲೆ ನಾವು ಮೆಂತ್ಯ ನೆನೆಹಾಕುತ್ತಿರುತ್ತೇವೆ.

ಇವತ್ತು ಬೆಳಿಗ್ಗೆ ಆ ಹೂವುಗಳ ನಡುವೆ ನಾಗಮಣಿಗಾರು ಒಂದು ಸಂದೇಶ ಹಾಕಿದ್ದಾರೆ. ಸೋಮವಾರ, ಕೆಲಸದ ದಿನ, ನಮ್ಮ ಸಂಸದರ ಕಚೇರಿಯ ಎದುರು. ಅವರಿಗೆ ನಮ್ಮ ವೋಟು ಬೇಕಲ್ಲ, ನೋಡಲಿ. ಯಾರು ಯಾರು ಬರುತ್ತೀರಿ? ಪ್ರದೀಪ ರಜೆ ಕೇಳಿ ನೋಡುತ್ತೇನೆ ಎಂದಿದ್ದಾನೆ. ಖಲೀಲ್ ಸಾಹೇಬರು ನೋಡಿದ್ದಾರೆ, ನೀ‌ಲಿ ಗುರುತು ಬಿದ್ದಿದೆ, ಉತ್ತರವಿಲ್ಲ. ಅವರಿಗೆ ಬನ್ನಿ ಎನ್ನಲು ನನಗೆ ಬಾಯಿ ಬರಲಿಲ್ಲ. ಪಕ್ಕದ ಫ್ಲ್ಯಾಟಿನವರು ಒಂದು ಗುಲಾಬಿ ಹಾಕಿದ್ದಾರೆ. ಬರುತ್ತಾರೆಂದೋ ಇಲ್ಲವೆಂದೋ ಗುಲಾಬಿಯಿಂದ ತಿಳಿಯುವುದಿಲ್ಲ. ಬ್ಯಾನರ್ ನಿಮ್ಮಲ್ಲೇ ಇದೆಯಲ್ಲ ಎಂದು ನಾಗಮಣಿಗಾರು ನನ್ನನ್ನು ಕೇಳಿದ್ದಾರೆ.

ಇದೆ. ಟೆರೇಸಿಗೆ ಹೋಗಿ ಅದರ ಎದುರು ಕೂತೆ. ವಿನಯನ ಫೋನು ಬಂದು ಎಷ್ಟೋ ದಿನವಾಯಿತು. ತಲೆಯ ಮೇಲೆ ಹೆಲಿಕಾಪ್ಟರೊಂದು ಕಟಕಟ ಎಂದು ಹೋಯಿತು. ಅದರಲ್ಲಿ ಕೂತವರಿಗೆ ನಮ್ಮ ಘೋಷಣೆ ಕಂಡರೂ ಸಂಡಿಗೆಯ ನಡುವೆ ಏನು ಓದಿಕೊಂಡಾರು? ಎದ್ದು ಸಂಡಿಗೆಗಳನ್ನೆಲ್ಲ ಮೊರಕ್ಕೆ ಬಿಡಿಸಿಕೊಂಡೆ, ಹಸಿ ಇದ್ದವನ್ನೂ. ಬಟ್ಟೆ ಝಾಡಿಸಿ ಕೆಳಗೆ ತಂದು ಹಾಲ್‌ನಲ್ಲಿ ಹರವಿದೆ. ಕತ್ತರಿ ತೆಗೆದುಕೊಂಡೆ.

ನಮ್ಮ ಮನೆಯವರು ಪೇಪರ್ ಬದಿಗಿಟ್ಟರು. “ಏನ್ ಮಾಡಾಕತ್ತಿ?”

“ಗಿಡ್ಡ ಮಾಡಾಕತ್ತೀನಿ. ಎದೀಮಟ ಬಂದ್ರ ಸಾಕು.”

ಅವರು ಬಂದು, ಮೊಣಕಾಲು ಹಿಡಿದುಕೊಂಡು ನೆಲಕ್ಕೆ ಕೂತು, ಬಟ್ಟೆಯ ಇನ್ನೊಂದು ತುದಿಯನ್ನು ಎಳೆದು ಹಿಡಿದರು.  ಕತ್ತರಿ ಸೊಟ್ಟಸೊಟ್ಟ ಹೋಯಿತು. ಕೊನೆಯ ಸಾಲುಗಳಿಂದ ಶುರು ಮಾಡಿದೆ. ನಾವು ಯಾವ ಪಕ್ಷದವರೂ ಅಲ್ಲ, ಸರ್ಕಾರದ ವಿರುದ್ಧ ಅಲ್ಲ, ತಪ್ಪು ತಿಳಿಯಬೇಡಿ, ಇವೆಲ್ಲ ಕೆಳಗಿನ ತುಂಡಿಗೆ ಹೋದವು. ಯೋಧರಿಗೆ ನಮನ ಎಂಬಲ್ಲಿ ಕತ್ತರಿ ನಿಂತಿತು. “ಅದನ್ನ ನೀ ಬಟ್ಟೀ ಮ್ಯಾಲೆ ಬರದ ತೋರಸಬೇಕೇನು?” ಎಂದರು ಅವರು. ಕತ್ತರಿಸಿಬಿಟ್ಟೆ. ಆ ತುಂಡು ಸಂಡಿಗೆಗೆ ಸಾಕು.

ಶಾಂತಾಳಿಗೆ ಈ ಸಲ ಮೊದಲೇ ಹೇಳಿಬಿಡೋಣ ಎಂದು ನಾನೇ ಫೋನ್ ಮಾಡಿದೆ. ಸೋಮವಾರ ನಿಲ್ಲುತ್ತೇನೆ, ಬಟ್ಟೆ ಕತ್ತರಿಸಿದ್ದೇನೆ, ನೀನು ಬೈಯುವುದಿದ್ದರೆ ಈಗಲೇ ಬೈದುಬಿಡು ಎಂದೆ. ಅವಳು ಬೈಯಲಿಲ್ಲ. ಆ ಕಡೆ ಟೀವಿಯ ಸದ್ದು ಕೇಳುತ್ತಿತ್ತು, ಅವಳು ಅದನ್ನು ಬಂದ್ ಮಾಡಿದ್ದೂ ಕೇಳಿತು.

“ನಿನಗೇನರ ಅವನ ಫೋನ್ ಬಂತೇನ?” ಎಂದಳು.

“ಇಲ್ಲವಾ. ನಿನಗ?”

“ಇಲ್ಲ.”

 ನನಗೆ ಮಂಚದ ಕೆಳಗಿನ ಕತ್ತಲೆ ನೆನಪಾಯಿತು, ಅವಳ ಬಾಯಿಯ ಮೇಲಿದ್ದ ನನ್ನ ಕೈ ಸಹ.

“ಅಕ್ಕಾ, ಸೋಮವಾರ ಯಾವ ಚಪ್ಪಲಿ ಹಾಕ್ಕೊಂಡ ಹೋಗ್ತಿ?” ಎಂದಳು ಮೆಲ್ಲಗೆ. “ಫೋಟೋ ಬಂದ್ರ ನಿನ್ನ ಹುಡುಕೂದು ಹೆಂಗ?”

“ಚಪ್ಪಲಿ ನೋಡಬ್ಯಾಡ ಈ ಸಲ” ಎಂದೆ. “ಮಾರಿ ಕಾಣತೈತಿ. ಅವಂಗೂ ಕಾಣತೈತಿ.”